ಶಾಖ ಹೋಗುವ ಜಾಗ

ಕೋಳಿ ಬೆವರುವುದಿಲ್ಲ. ಈ ಒಂದು ಮಾತನ್ನು ನೂರು ತರಹ ಹೇಳಿ ನಾನು ಹದಿನಾರು ವರ್ಷ ಸಂಬಳ ತಿಂದಿದ್ದೇನೆ.

ನಮಗೆ ಸೆಕೆಯಾದರೆ ಮೈ ಬೆವರಿ ತಣ್ಣಗಾಗುತ್ತದೆ. ಕೋಳಿಗೆ ಬೆವರಿನ ಗ್ರಂಥಿಯೇ ಇಲ್ಲ, ಮೇಲೆ ಗರಿಯ ಹೊದಿಕೆ ಬೇರೆ. ಅದರ ಮೈಶಾಖ ನಲವತ್ತೊಂದು ಡಿಗ್ರಿ. ಮನುಷ್ಯರಿಗೆ ಅಷ್ಟು ಜ್ವರ ಬಂದರೆ ಆಸ್ಪತ್ರೆಗೆ ಹೊತ್ತುಕೊಂಡು ಓಡುತ್ತಾರೆ, ಕೋಳಿಗೆ ಅದೇ ಆರೋಗ್ಯ. ಸೆಕೆ ಹೆಚ್ಚಾದಾಗ ಅದು ರೆಕ್ಕೆ ಅಗಲಿಸಿ ನಿಲ್ಲುತ್ತದೆ, ಜುಟ್ಟಿಗೂ ಕಾಲಿಗೂ ರಕ್ತ ಹರಿಸಿ ಶಾಖ ಬಿಡುತ್ತದೆ, ನೆಲ ಕೆದರಿ ತಂಪು ಮಣ್ಣು ಹುಡುಕುತ್ತದೆ. ಅದ್ಯಾವುದೂ ಸಾಲದಿದ್ದರೆ ಬಾಯಿ ತೆರೆದು ಏದುಸಿರು ಬಿಡುತ್ತದೆ. ಗಂಟಲಿನ ತೇವ ಆರಿ ಮೈ ತಂಪಾಗಬೇಕು. ಅದೂ ಸಾಲದಿದ್ದರೆ ಸಾಯುತ್ತದೆ.

ನಮ್ಮ ಕಂಪನಿಯ ಕೋಳಿಗೆ ಇದ್ಯಾವುದೂ ಸಾಲುತ್ತಿರಲಿಲ್ಲ. ಜಿ-ಒಂಬತ್ತು ಎಂದು ಅದರ ಹೆಸರು. ಮೊಟ್ಟೆಯೊಡೆದು ಬಂದ ಇಪ್ಪತ್ನಾಲ್ಕನೇ ದಿನಕ್ಕೆ ಎರಡು ಕಿಲೋ ತೂಗುವಂತೆ ಅದನ್ನು ತಿದ್ದಿ ತೀಡಿದ್ದರು. ಹಗಲೂ ರಾತ್ರಿ ತಿನ್ನುವ, ತಿಂದದ್ದನ್ನು ಮಾಂಸ ಮಾಡುವ ಆ ಮೈಯೊಳಗೆ ಹುಟ್ಟುವ ಶಾಖ ಎಷ್ಟೆಂದರೆ, ಇಪ್ಪತ್ತೆಂಟು ಸಾವಿರ ಹಕ್ಕಿಗಳ ಒಂದು ಶೆಡ್ಡಿನಲ್ಲಿ ಐನೂರು ಇಸ್ತ್ರಿಪೆಟ್ಟಿಗೆಗಳನ್ನು ಸದಾ ಹಚ್ಚಿಟ್ಟ ಹಾಗೆ. ಹೊರಗಿನ ಬೇಸಿಗೆ ಆ ಹೊತ್ತಿಗಾಗಲೇ ನಲವತ್ತೇಳು ದಾಟಿತ್ತು. ಶೆಡ್ಡನ್ನು ಇಪ್ಪತ್ನಾಲ್ಕರಲ್ಲಿ ಇಡದಿದ್ದರೆ ಜಿ-ಒಂಬತ್ತು ಮಧ್ಯಾಹ್ನದ ಊಟದ ಹೊತ್ತಿಗೆ ಹೆಣ.

ಹಾಗಾಗಿ ತಂಪುಗೂಡು ಎಂಬ ಹೊಸ ಶೆಡ್ಡು ಬಂತು. ಅದರ ಮೈಶಾಖದ ಲೆಕ್ಕವೆಲ್ಲ ನನ್ನದು. ಚಾವಣಿಯಲ್ಲಿ ನೂರಾರು ಶಾಖಗಣ್ಣುಗಳು. ಬೆಳಕನ್ನಲ್ಲ, ಬಿಸಿಯನ್ನು ಮಾತ್ರ ನೋಡುವ ಕಣ್ಣುಗಳು. ಒಂದೊಂದು ಹಕ್ಕಿಯ ಜುಟ್ಟು, ಕಾಲು ನೋಡಿ ಒಳಮೈಯ ಶಾಖ ಲೆಕ್ಕ ಹಾಕುತ್ತವೆ. ನಲವತ್ತೊಂದಕ್ಕಿಂತ ಏರಿದರೆ ಯಂತ್ರ ತಾನೇ ತಂಪು ಕೊಡುತ್ತದೆ. ಇಳಿದರೆ ಮುಂಭಾಗದ ಕಾವುದೀಪಗಳನ್ನು ಹಚ್ಚುತ್ತದೆ. ಶೆಡ್ಡಿನ ಮುಂಭಾಗವೆಂದರೆ ಮರಿಗಳನ್ನು ಮೊದಲ ವಾರ ಇಡುವ ಜಾಗ. ಒಂದು ದಿನದ ಮರಿಗೆ ತನ್ನ ಶಾಖ ತಾನು ಹಿಡಿದಿಟ್ಟುಕೊಳ್ಳಲು ಬಾರದು, ಕಾವು ಕೊಡದಿದ್ದರೆ ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸಾಯುತ್ತವೆ. ಅದಕ್ಕೊಂದು ನಿಯಮ ನಾನೇ ಬರೆದಿದ್ದೆ: ಮುಂಭಾಗದಲ್ಲಿ ಐವತ್ತಕ್ಕಿಂತ ಹೆಚ್ಚು ಮೈಗಳು ಸಹಜ ಮೈಶಾಖಕ್ಕಿಂತ ಎರಡು ಡಿಗ್ರಿ, ಅಂದರೆ ಮೂವತ್ತೊಂಬತ್ತರ ಕೆಳಗಿಳಿದರೆ ಕಾವು ಹಚ್ಚು, ಅವು ಬಿಸಿಯಾಗುವವರೆಗೂ ಆರಿಸಬೇಡ. ಹಿಂದೊಮ್ಮೆ ಒಬ್ಬ ಕೆಲಸದವನು ದೀಪ ಹಚ್ಚಲು ಮರೆತು ಒಂದು ತಂಡ ಮರಿಗಳು ಸತ್ತವೆಂದು ಕೈಯಿಂದ ಹಚ್ಚಿ ಆರಿಸುವ ಗುಂಡಿಯನ್ನೇ ಕಂಪನಿ ಕಿತ್ತುಹಾಕಿತ್ತು. ಯಂತ್ರ ಮರೆಯುವುದಿಲ್ಲವಂತೆ.

ಈ ಎಲ್ಲದರ ನಡುವೆ ಯಾರೂ ಕೇಳದ ಪ್ರಶ್ನೆ ಒಂದಿತ್ತು. ಶಾಖ ಎಲ್ಲಿಗೆ ಹೋಗುತ್ತದೆ? ಶಾಖ ಮಾಯವಾಗುವುದಿಲ್ಲ. ಒಳಗೆ ತಂಪಾಯಿತೆಂದರೆ ಹೊರಗೆ ಯಾರಿಗೋ ಬಿಸಿಯಾಯಿತೆಂದೇ ಅರ್ಥ. ಮೊದಲ ವರದಿಯಲ್ಲಿ ನಾನು ಇದಕ್ಕೆ ನಾಲ್ಕು ಪುಟ ಬರೆದಿದ್ದೆ. ನಮ್ಮ ಕಾರ್ಯಾಚರಣೆಯ ಮುಖ್ಯಸ್ಥ ಧನಂಜಯ ಆ ನಾಲ್ಕು ಪುಟ ತೆಗೆದು ಒಂದು ಸಾಲು ಇಟ್ಟ. ‘ಶಾಖ ಹೋಗುವ ಜಾಗ: ಹೊರಗಿನ ವಾತಾವರಣ.’ ನಾನು ಅದರ ಕೆಳಗೆ ಸಹಿ ಹಾಕಿದೆ. ಇವತ್ತಿಗೂ ಆ ಸಹಿ ನೆನಪಾದರೆ ಕೈ ಕಡಿದುಕೊಳ್ಳೋಣ ಅನಿಸುತ್ತದೆ.

ಸಹಿಗಿಂತ ದೊಡ್ಡ ತಪ್ಪು ಇನ್ನೊಂದಿದೆ.

ಎಂಟು ತಂಪುಗೂಡುಗಳಿಗೆ ಜಾಗ ಹುಡುಕುತ್ತಿದ್ದರು. ಕಂಪನಿಗೆ ಬೇಕಾದದ್ದು ಸುತ್ತ ಐದು ಕಿಲೋಮೀಟರಿನಲ್ಲಿ ಒಂದೂ ನಾಟಿಕೋಳಿ ಇಲ್ಲದ ನೆಲ. ಹಿತ್ತಲ ಕೋಳಿಯಿಂದ ರೋಗ ಬಂದರೆ ಜಿ-ಒಂಬತ್ತು ತಡೆಯುವುದಿಲ್ಲ. ಅಂಥ ಊರು ಎಲ್ಲಿದೆಯೆಂದು ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದರೆ ನಾನು ಎದ್ದು ಹೋಗಿ ಭೂಪಟದ ಮೇಲೆ ಬೆರಳಿಟ್ಟೆ. ಚಳ್ಳಕೆರೆಯಾಚೆಯ ನಮ್ಮ ಕರೇಕಲ್ಲಹಟ್ಟಿ.

ನಮ್ಮದು ದೇವರ ದನ ಸಾಕುವ ಮ್ಯಾಸರ ಕುಲದ ಹಟ್ಟಿ. ನಾವು ಕೋಳಿ ತಿನ್ನುವುದಿಲ್ಲ, ಸಾಕುವುದಿಲ್ಲ, ಹಟ್ಟಿಯೊಳಗೆ ಬಿಡುವುದಿಲ್ಲ. ದೇವರ ಎತ್ತುಗಳಿರುವ ರೊಪ್ಪಕ್ಕೆ ಕೋಳಿಯ ಗರಿ ಹಾರಿಬಂದರೂ ತೊಳೆದು ಸಾರಿಸುತ್ತಾರೆ. ಅಂಥ ಮನೆಯ ಮಗಳು ಪಶುವೈದ್ಯ ಓದಿ ಕೋಳಿ ಡಾಕ್ಟರಾದಳೆಂದು ಊರೆಲ್ಲ ನಕ್ಕಿದ್ದುಂಟು. ಅವ್ವ ಮಾತ್ರ ನಗಲಿಲ್ಲ, ಬೈಯಲೂ ಇಲ್ಲ. ನಾನು ಊರಿಗೆ ಹೋದಾಗ ಹಟ್ಟಿಯ ಬೇಲಿಯ ಹೊರಗೆ ಒಂದು ಕೊಡ ನೀರಿಟ್ಟಿರುತ್ತಿದ್ದಳು. ತಲೆಗೆ ಸುರಿದುಕೊಂಡು, ಅವಳು ತಂದ ಸೀರೆ ಉಟ್ಟು, ಆಮೇಲೆ ಒಳಗೆ. ಹದಿನಾರು ವರ್ಷದಲ್ಲಿ ಒಂದು ಸಲವೂ ಇದು ತಪ್ಪಿರಲಿಲ್ಲ.

“ಕೋಳಿಗೆ ಬೆವ್ರೇ ಇಲ್ವಂತಲ್ಲೇ ಸೂರಿ, ಪಾಪ, ಬಾಯಿ ತಕ್ಕಂಡು ಉಸಿರಾಡ್ತಾವಂತೆ,” ಎಂದು ಒಂದು ಸಲ ಕೇಳಿದ್ದಳು.

“ಹೂಂ ಅವ್ವ.”

“ಅಂಥವ್ನ ಕೂಡಾಕಬಾರ್ದು ಕಣೆ. ಮರದ ಕೆಳಗೆ ಬಿಡ್ಬೇಕು.”

ನಮ್ಮವರು ಕೋಳಿಯನ್ನು ದೂರ ಇಟ್ಟಿದ್ದು ದ್ವೇಷದಿಂದ ಅಲ್ಲ. ಎಷ್ಟೋ ತಲೆಮಾರು ನಡೆಸಿಕೊಂಡು ಬಂದ ಆ ಕಟ್ಟುಪಾಡನ್ನು ನಾನು ಒಂದು ಬೆರಳಿನಲ್ಲಿ ಕಂಪನಿಗೆ ಮಾರಿದೆ. ಬಡ್ತಿಯೂ ಸಿಕ್ಕಿತು.

ಶೆಡ್ಡುಗಳು ಎದ್ದವು. ಹಟ್ಟಿಯಿಂದ ಮುನ್ನೂರು ಅಡಿ. ಒಂದೊಂದು ಶೆಡ್ಡಿನ ಹಿಂಗೋಡೆಯಲ್ಲಿ ಆಳೆತ್ತರದ ಹನ್ನೆರಡು ಫ್ಯಾನುಗಳು, ಎಲ್ಲವೂ ಹಟ್ಟಿಯ ಕಡೆಗೆ ಮುಖ ಮಾಡಿದಂಥವು. ಆ ಕಡೆ ಯಾಕೆಂದರೆ ಈ ಕಡೆ ರಸ್ತೆ, ಅತಿಥಿಗಳು ಬರುವ ಗೇಟು. ಮೊದಲ ವರ್ಷ ಗೊಬ್ಬರದ ಘಾಟು ಬಂತು, ಕಣ್ಣುರಿ ಬಂತು, ರಾಗಿಮುದ್ದೆಯ ಮೇಲೆ ಕೈಯಾಡಿಸಿದರೂ ಏಳದಷ್ಟು ನೊಣ ಬಂತು. ಎರಡನೇ ವರ್ಷ ಹಟ್ಟಿಯ ಮೂರು ಕೊಳವೆಬಾವಿಗಳಲ್ಲಿ ಎರಡು ಒಣಗಿದವು. ಮೂರನೇ ವರ್ಷ ಫ್ಯಾನುಗಳ ಎದುರಿನ ಬೇವಿನ ಮರ ಒಂದು ಮಗ್ಗುಲಲ್ಲಿ ಮಾತ್ರ ಎಲೆ ಉದುರಿಸಿತು. ಆ ಮಗ್ಗುಲು ಮತ್ತೆ ಚಿಗುರಲೇ ಇಲ್ಲ.

ಆ ವರ್ಷದ ಯುಗಾದಿಗೆ ನಾನು ಹೋದಾಗ ಅತ್ತಿಗೆ ಕಾಟಮ್ಮ ಬಾಣಂತಿ. ಅಣ್ಣ ಹಟ್ಟಿಯ ಗಂಡಸರ ಜೊತೆ ದೇವರ ದನ ಹೊಡೆದುಕೊಂಡು ಮೇವಿರುವ ಕಾವಲಿಗೆ ಹೋಗಿದ್ದ. ಹಟ್ಟಿಯಲ್ಲಿ ಉಳಿದವರು ಹೆಂಗಸರು, ಮಕ್ಕಳು, ಮುದುಕರು. ಕೂಸಿಗೆ ಇನ್ನೂ ತಿಂಗಳಾಗಿರಲಿಲ್ಲ. ಅತ್ತಿಗೆ ಒದ್ದೆ ಬಟ್ಟೆಯನ್ನು ಕೂಸಿನ ಹೊಟ್ಟೆಯ ಮೇಲೆ ಹಾಕುತ್ತಿದ್ದಳು. ಅದು ಐದೇ ನಿಮಿಷಕ್ಕೆ ಒಣಗುತ್ತಿತ್ತು. ಅವಳು ಮತ್ತೆ ಅದ್ದುತ್ತಿದ್ದಳು.

“ಸೂರಕ್ಕ, ಒಂದ್ ಮಾತು ಕೇಳ್ಲಾ?” ಅಂದಳು. “ನಿಮ್ ಕೋಳಿಗೆ ಸೆಕೆಯಾದ್ರೆ ನಿಮಗಲ್ಲಿ ತಿಳಿತೈತೆ. ನನ್ ಕೂಸಿಗೆ ಸೆಕೆಯಾದ್ರೆ ಯಾರಿಗೆ ತಿಳಿತೈತೆ?”

ನಾನು ಕೂಸಿನ ಹೊಟ್ಟೆಯ ಮೇಲೆ ಒಣಗಿದ್ದ ಬಟ್ಟೆ ತೆಗೆದು ನೀರಿಗೆ ಅದ್ದಿದೆ.

“ಶೆಡ್ ಕೀಳ್ರಿ ಅಂತ ನಾನೇನು ಹೇಳಾಕಿಲ್ಲ. ಆ ಫ್ಯಾನಿನ ಮುಖ ಅತ್ಲಾಗೆ ತಿರುಗಿಸಿ. ಅಷ್ಟೇ. ನೀವು ಹೇಳಿದ್ರೆ ಕೇಳ್ತಾರಲ್ವಾ?”

“ಹೇಳ್ತೀನಿ ಅತ್ತಿಗೆ,” ಅಂದೆ.

ಹೇಳಿದೆ ಕೂಡ. ತುಮಕೂರಿನ ಬಳಿ ನಮ್ಮ ನಿಯಂತ್ರಣ ಕೊಠಡಿ. ವರ್ಷವಿಡೀ ಇಪ್ಪತ್ತೆರಡು ಡಿಗ್ರಿಯ ತಂಪು, ನಾವೆಲ್ಲ ಉಣ್ಣೆಯ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದೆವು. ಧನಂಜಯ ನನ್ನ ಮಾತು ಪೂರ್ತಿ ಕೇಳಿದ. ಸಭ್ಯಸ್ಥ, ಯಾವತ್ತೂ ದನಿಯೇರಿಸುವವನಲ್ಲ. ಅದಕ್ಕೇ ಅವನನ್ನು ಕಂಡರೆ ನನಗೆ ಮೈ ಉರಿಯುವುದು.

“ಮುಖ ತಿರುಗಿಸಿದರೆ ಎದುರುಗಾಳಿ ಬೀಳುತ್ತದೆ ಡಾಕ್ಟ್ರೇ. ಶೆಡ್ಡಿನೊಳಗೆ ಅರ್ಧ ಡಿಗ್ರಿ ಏರುತ್ತದೆ. ಅರ್ಧ ಡಿಗ್ರಿಗೆ ಹಕ್ಕಿ ಎಷ್ಟು ಗ್ರಾಂ ಕಮ್ಮಿ ಬೆಳೆಯುತ್ತದೆ ಎಂದು ಬರೆದುಕೊಟ್ಟವರೇ ನೀವಲ್ಲವೇ?”

“ಹಟ್ಟಿಯಲ್ಲಿ ಎಷ್ಟು ಡಿಗ್ರಿ ಏರಿದೆ ಅಂತ ಅಳೆಯೋಣ. ಹೊರಗೊಂದು ಶಾಖಗಣ್ಣು ಹಾಕಿಸಿ.”

“ಹೊರಗೆ ನಮ್ಮದೇನೂ ಇಲ್ಲವಲ್ಲ, ಏನನ್ನು ಅಳೆಯುವುದು?” ಅಂದ, ನಿಜವಾಗಿಯೂ ಅರ್ಥವಾಗದವನ ಹಾಗೆ.

ನಾನು ಮೇಜು ಗುದ್ದಬೇಕಿತ್ತು. ಪತ್ರಿಕೆಗೆ ಬರೆಯಬೇಕಿತ್ತು. ಕೆಲಸವನ್ನು ಅವನ ಮುಖಕ್ಕೆಸೆದು ಬರಬೇಕಿತ್ತು. ನಾನು ಸ್ವೆಟರಿನ ಗುಂಡಿ ಹಾಕಿಕೊಂಡು ನನ್ನ ಕುರ್ಚಿಗೆ ಬಂದು ಕೂತೆ. ಅತ್ತಿಗೆಗೆ ಫೋನ್ ಮಾಡಿ, ಹೇಳಿದ್ದೀನಿ, ನೋಡ್ತಾರಂತೆ ಅಂದೆ.

ಮೇ ತಿಂಗಳ ಎರಡನೇ ವಾರ ಬಿಸಿಗಾಳಿ ಶುರುವಾಯಿತು. ಐದನೇ ದಿನ ಮಧ್ಯಾಹ್ನ ಒಂದೂವರೆಗೆ ಚಳ್ಳಕೆರೆಯ ಸುತ್ತ ನಲವತ್ತೊಂಬತ್ತು ಡಿಗ್ರಿ. ಕರೆಂಟು ಸಾಲದೆ ಊರೂರಿಗೆ ಕಡಿತ. ಮಾಂಸದ ಶೆಡ್ಡುಗಳು ಅತ್ಯಗತ್ಯದ ಪಟ್ಟಿಯಲ್ಲಿದ್ದವು, ಅವಕ್ಕೆ ಕಡಿತವಿಲ್ಲ. ಹಟ್ಟಿ ಯಾವ ಪಟ್ಟಿಯಲ್ಲೂ ಇರಲಿಲ್ಲ. ಉಳಿದಿದ್ದ ಒಂದೇ ಕೊಳವೆಬಾವಿಯ ಮೋಟಾರು ನಿಂತು ಆಗಲೇ ಒಂದು ದಿನವಾಗಿತ್ತು.

ನಾನು ಊಟದ ಡಬ್ಬಿ ತೆರೆಯುತ್ತಿದ್ದೆ. ಪರದೆಯ ಮೇಲೆ ಮೂರನೇ ಶೆಡ್ಡಿನ ಸೂಚನೆ ಬಂತು: ಮುಂಭಾಗದಲ್ಲಿ ಹಕ್ಕಿಗಳು ತಣ್ಣಗಾಗಿವೆ, ಸಂಖ್ಯೆ ಅರವತ್ತೊಂದು, ಕಾವು ಹಚ್ಚಲಾಗಿದೆ.

ಮುಂಭಾಗದಲ್ಲಿ ಆಗ ಒಂದೂ ಹಕ್ಕಿ ಇರಬಾರದು. ಮರಿಗಳೆಲ್ಲ ದೊಡ್ಡವಾಗಿ ನಡುವಿನ ತಡೆಯ ಹಿಂದಿನ ಭಾಗಕ್ಕೆ ಹೋಗಿ ಎರಡು ವಾರವಾಗಿತ್ತು. ನಾನು ಚಿತ್ರವನ್ನು ಹಿಗ್ಗಿಸಿ ನೋಡಿದೆ. ಹಿಂಭಾಗದ ಇಪ್ಪತ್ತೆಂಟು ಸಾವಿರ ಹಕ್ಕಿಗಳು ಕೆಂಪು ಚುಕ್ಕೆಗಳು, ಒಂದೊಂದರಲ್ಲೂ ನಲವತ್ತೊಂದು. ಮುಂಭಾಗದಲ್ಲಿ ನೀಲಿ ಮಚ್ಚೆಗಳು, ಹಕ್ಕಿಗಿಂತ ದೊಡ್ಡವು. ಮೂವತ್ತೆಂಟೂವರೆ. ಮೂವತ್ತೆಂಟು. ಮೂವತ್ತೆಂಟೂ ಕಾಲು. ಒಂದು ದೊಡ್ಡ ನೀಲಿಗೆ ಅಂಟಿಕೊಂಡ ಹಾಗೆ ಒಂದು ಪುಟ್ಟ ಕೆಂಪು. ನಲವತ್ತು ಪಾಯಿಂಟ್ ಎರಡು.

ಫೋನು ಹೊಡೆದುಕೊಂಡಿತು.

“ಸೂರಕ್ಕ, ನಾವೆಲ್ಲ ನಿಮ್ ಶೆಡ್ಡಿನಾಗೆ ಇದೀವಿ,” ಅತ್ತಿಗೆಯ ಉಸಿರೇ ಮಾತಿಗಿಂತ ಜೋರಾಗಿತ್ತು. “ಬೀಗ ಒಡೆದ್ವಿ. ಕೂಸು ಮೊಲೆ ಹಿಡಿಯಾಕಿಲ್ಲ, ಕಣ್ಣು ಮ್ಯಾಕೆ ಮಾಡ್ತೈತೆ. ಬಂದಾಗ ತಂಪಿತ್ತು ಕಣಕ್ಕ. ಈಗ ಮ್ಯಾಲಿಂದ ಬೆಂಕಿ ಸುರಿದಂಗೆ ಬಿಸಿ ಬರ್ತೈತೆ. ನಮ್ಮನ್ನ ಓಡಿಸಾಕೆ ಬಿಟ್ಟಿದೀರಾ?”

“ನಡುವಿನ ತಡೆ ಸರಿಸಿ ಹಿಂದಕ್ಕೆ ಹೋಗಿ ಅತ್ತಿಗೆ!”

“ಅದು ಕಬ್ಬಿಣದ್ದು. ಬೀಗ ಐತೆ. ಆಚೆ ಹೋಗಾಣ ಅಂದ್ರೆ ಮುದುಕರು ಏಳಾಂಗಿಲ್ಲ.”

ಧನಂಜಯ ನನ್ನ ಬೆನ್ನ ಹಿಂದೆ ಬಂದು ನಿಂತಿದ್ದ. “ಯಾರು ಅವರು? ಒಳಗೆ ಹೋದವರು? ರೋಗ ಹತ್ತಿದರೆ ಎಂಟು ಶೆಡ್ಡೂ ಹೋಯಿತು. ಹೊರಗೆ ಹೋಗಲು ಹೇಳಿ, ಪೊಲೀಸರಿಗೆ ಹೇಳುತ್ತೇನೆ.”

“ಹೊರಗೆ ನಲವತ್ತೊಂಬತ್ತು. ಕೂಸಿಗೆ ನಲವತ್ತು ದಾಟಿದೆ. ಮೊದಲು ಕಾವು ಆರಿಸಬೇಕು.”

“ಆರಿಸುವ ಗುಂಡಿ ಇಲ್ಲವಲ್ಲ,” ಅಂದ ಅವನು. ಹೌದು, ಇರಲಿಲ್ಲ.

ಪರದೆಯ ಮೇಲೆ ನನ್ನದೇ ನಿಯಮ ಓಡುತ್ತಿತ್ತು. ಆ ಜನ ನಲವತ್ತೊಂಬತ್ತರ ಬಿಸಿಲಿಂದ ಓಡಿಬಂದು ಒಂದಿಷ್ಟು ತಣ್ಣಗಾಗಿ ಮೂವತ್ತೆಂಟಕ್ಕೆ ಇಳಿದಿದ್ದರು. ಅದೇ ಅವರ ತಪ್ಪಾಗಿತ್ತು. ಯಂತ್ರದ ಲೆಕ್ಕದಲ್ಲಿ ಅವರು ಚಳಿ ಹಿಡಿದು ಸಾಯುತ್ತಿರುವ ಕೋಳಿಗಳು. ಅವರು ಎಷ್ಟು ಚೇತರಿಸಿಕೊಂಡರೆ ಅಷ್ಟು ಬೇಯಿಸುತ್ತದೆ. ಅವರ ಮೈ ನಲವತ್ತೊಂದು ಮುಟ್ಟುವವರೆಗೂ ಬಿಡುವುದಿಲ್ಲ. ಮನುಷ್ಯ ಎಂಬ ಪದ ಇಡೀ ವ್ಯವಸ್ಥೆಯಲ್ಲಿ ಎಲ್ಲೂ ಇರಲಿಲ್ಲ. ಅದನ್ನು ಬರೆಯಬೇಕಾಗಿದ್ದವಳು ನಾನು.

ನನ್ನ ಹೆಬ್ಬೆರಳಿನ ಗುರುತಿಗೆ ತೆರೆಯುವ ಒಂದೇ ಒಂದು ಅಂಕಿ ಇತ್ತು. ಹಕ್ಕಿಯ ಸಹಜ ಮೈಶಾಖ: ನಲವತ್ತೊಂದು. ಅದನ್ನು ಬದಲಿಸಬಹುದಿತ್ತು. ಎಂಟು ಶೆಡ್ಡಿಗೂ ಅದೊಂದೇ ಅಂಕಿ. ಮೂವತ್ತೇಳು ಎಂದು ಬರೆದರೆ ಕಾವು ಆರುತ್ತದೆ, ಮೂವತ್ತೆಂಟರ ಜನ ಬೆಚ್ಚಗಿರುವವರಾಗುತ್ತಾರೆ. ಹಾಗೆಯೇ ಎರಡು ಲಕ್ಷ ಚಿಲ್ಲರೆ ಹಕ್ಕಿಗಳಿಗೆ ಒಮ್ಮೆಲೇ ನಾಲ್ಕು ಡಿಗ್ರಿ ಜ್ವರ ಬಂದಂತಾಗುತ್ತದೆ.

ನಾನು ಹೆಬ್ಬೆರಳು ಒತ್ತಿದೆ.

“ಏನು ಮಾಡುತ್ತಿದ್ದೀರಿ? ಎಂಟೂ ಶೆಡ್ಡು ಪೂರ್ತಿ ವೇಗಕ್ಕೆ ಹೋಗುತ್ತವೆ,” ಧನಂಜಯ ಮೊದಲ ಸಲ ದನಿಯೇರಿಸಿದ. “ಎಷ್ಟು ಶಾಖ ಹೊರಗೆ ಹೋಗುತ್ತದೆ ಗೊತ್ತೇನ್ರಿ? ಯಂತ್ರಗಳು ಸುಟ್ಟುಹೋಗುತ್ತವೆ!”

“ಹೋಗಲಿ,” ಅಂದೆ. “ಹಾಳಾಗಿ ಹೋಗಲಿ.”

ಮೂವತ್ತೇಳು ಎಂದು ಬರೆದೆ.

ಕಾವುದೀಪಗಳು ಆರಿದವು. ತೊಂಬತ್ತಾರು ಫ್ಯಾನುಗಳು ಏಕಕಾಲಕ್ಕೆ ಓಡಿದವು. ಆ ಸದ್ದು ಅತ್ತಿಗೆಯ ಫೋನಿನಿಂದಲೇ ನನಗೆ ಕೇಳಿಸಿತು. ಧನಂಜಯ ನನ್ನ ತೋಳು ಹಿಡಿದು ಎಳೆದ. ನಾನು ಕುರ್ಚಿಯನ್ನು ಮೇಜಿಗೆ ಒತ್ತಿ ಹಿಡಿದು ಕೂತೆ. ಪುಟ್ಟ ಕೆಂಪು ಚುಕ್ಕೆ ನಲವತ್ತು ಪಾಯಿಂಟ್ ಎರಡರಿಂದ ನಲವತ್ತಕ್ಕೆ ಬಂತು. ಮೂವತ್ತೊಂಬತ್ತೂವರೆಗೆ ಬಂತು. ನಲವತ್ತು ನಿಮಿಷಕ್ಕೆ ಮೂವತ್ತೆಂಟಾಯಿತು.

“ಕುಡಿತೈತೆ ಅಕ್ಕ,” ಅಂದಳು ಅತ್ತಿಗೆ. “ಕೂಸು ಕುಡಿತೈತೆ.”

ನಾನು ಅತ್ತುಬಿಟ್ಟೆ. ಕೂಸಿನದೂ ಸೇರಿ ಅರವತ್ತೆರಡು ಚುಕ್ಕೆಗಳನ್ನೂ ಒಂದೊಂದಾಗಿ ಎಣಿಸಿದೆ. ಎಲ್ಲರೂ ಮೂವತ್ತೇಳಕ್ಕೆ ಇಳಿಯುವವರೆಗೂ ಎದ್ದೇಳಲಿಲ್ಲ. ಅವ್ವ ಎಲ್ಲಿ ಎಂದು ಮಾತ್ರ ಕೇಳಲಿಲ್ಲ. ಪರದೆಯೊಳಗಿನದನ್ನು ಮಾತ್ರ ನೋಡುವ ಅಭ್ಯಾಸ ಹದಿನಾರು ವರ್ಷದ್ದು, ಆ ಚುಕ್ಕೆಗಳಲ್ಲಿ ಒಂದು ಅವ್ವನದು ಇದ್ದೇ ಇರುತ್ತದೆ ಎಂದುಕೊಂಡೆ.

ಸಂಜೆ ಐದಕ್ಕೆ ನಾನು ಹಟ್ಟಿ ಮುಟ್ಟಿದಾಗ ಬೇಲಿಯ ಹೊರಗೆ ನೀರಿನ ಕೊಡ ಇರಲಿಲ್ಲ. ಜನ ಶೆಡ್ಡಿನ ಹಿಂದೆ, ಬೇವಿನ ಮರದ ಸುತ್ತ ನಿಂತಿದ್ದರು. ಫ್ಯಾನುಗಳು ಇನ್ನೂ ತಿರುಗುತ್ತಿದ್ದವು. ಆ ಗಾಳಿಗೆ ಮುಖ ಕೊಟ್ಟರೆ ರೆಪ್ಪೆ ಅಂಟಿಕೊಳ್ಳುತ್ತಿತ್ತು. ಮರದ ಬುಡದಲ್ಲಿ, ಇನ್ನೂ ಎಲೆಯಿದ್ದ ಮಗ್ಗುಲಿನ ನೆರಳಿನಲ್ಲಿ ಅವ್ವ ಕೂತಿದ್ದಳು. ಕಾಂಡಕ್ಕೆ ಒರಗಿ, ಬಾಯಿ ತೆರೆದುಕೊಂಡು.

“ಬರ್ರಿ ಅತ್ತೆ ಅಂತ ಕಾಲು ಹಿಡ್ಕಂಡೆ,” ಅತ್ತಿಗೆ ಕೂಸನ್ನು ಎದೆಗೆ ಒತ್ತಿಕೊಂಡು ಹೇಳಿದಳು. “ಮಕ್ಳು ಮರಿ ಹೋಗ್ಲಿ, ದೇವ್ರಿಗೆ ನಾನು ಹೇಳ್ಕಂತೀನಿ ಅಂದ್ರು. ಹಟ್ಟಿಗೆ ಹಟ್ಟಿನೇ ಕೋಳಿ ಮನೆ ಹೊಕ್ರೆ ನಡಿಯಾಕಿಲ್ಲ, ಒಬ್ರಾದ್ರೂ ಆಚೆ ಇರ್ಬೇಕು ಅಂದ್ರು. ಫ್ಯಾನು ಜೋರಾದ್ಮ್ಯಾಲೆ ನಾನು ಕೂಗ್ದೆ ಅಕ್ಕ. ಆ ಸದ್ದಿನಾಗೆ ಕೇಳಿಸ್ಲೇ ಇಲ್ಲ.”

ನಾನು ಸ್ನಾನ ಮಾಡದೆ ಅವ್ವನನ್ನು ಮುಟ್ಟಿದೆ. ಯಾರೂ ಬೇಡ ಅನ್ನಲಿಲ್ಲ. ಅವಳ ಕೈ ಸಂಜೆಯಾದರೂ ಬಿಸಿಯಾಗಿಯೇ ಇತ್ತು. ಮರದ ಆ ಮಗ್ಗುಲಿನ ಎಲೆಗಳೆಲ್ಲ ಒಂದೇ ಮಧ್ಯಾಹ್ನಕ್ಕೆ ಕಂದಿದ್ದವು.

ಒಂಬತ್ತು ದಿನ ಕಳೆದು ಕಂಪನಿಯ ವಿಚಾರಣೆ ನಡೆಯಿತು. ಅದೇ ತಣ್ಣನೆಯ ಕೊಠಡಿ. ಧನಂಜಯ ಸಂತಾಪ ಹೇಳಿ, ಸಿದ್ಧವಾಗಿದ್ದ ವರದಿಯನ್ನು ಸಹಿಗೆಂದು ನನ್ನ ಮುಂದೆ ಸರಿಸಿದ.

“ನಿಮ್ಮ ಮೇಲೆ ಕ್ರಮ ಬೇಡವೆಂದು ಮೇಲಿನವರನ್ನು ಒಪ್ಪಿಸಿದ್ದೇನೆ ಡಾಕ್ಟ್ರೇ. ಹೇಗೂ ನಷ್ಟವೇನೂ ಆಗಿಲ್ಲ. ಅವರು ಪಾಪ, ಬಿಸಿಗಾಳಿಗೆ ಹೋದರು. ಆ ವಾರ ಎಲ್ಲೆಲ್ಲೂ ಹೋಗಿದ್ದಾರೆ.”

ವರದಿ ಓದಿದೆ. ಶೆಡ್ಡುಗಳು: ಎಂಟು. ಹಕ್ಕಿಗಳು: ಎರಡು ಲಕ್ಷದ ಇಪ್ಪತ್ನಾಲ್ಕು ಸಾವಿರ. ಸಾವು: ಇಲ್ಲ. ಅತಿ ತಂಪಿನಿಂದ ತೂಕದಲ್ಲಿ ಕೊರತೆ: ತಲಾ ಹನ್ನೊಂದು ಗ್ರಾಂ. ಕೊನೆಯಲ್ಲಿ ಅದೇ ಹಳೆಯ ಸಾಲು ಇತ್ತು. ಶಾಖ ಹೋಗುವ ಜಾಗ: ಹೊರಗಿನ ವಾತಾವರಣ.

“ಪೆನ್ನು ಕೊಡಿ,” ಅಂದೆ.

ಸ್ವೆಟರ್ ಬಿಚ್ಚಿ ಕುರ್ಚಿಯ ಮೇಲೆ ಹಾಕಿದೆ. ಸಾವು ಎಂಬಲ್ಲಿ ‘ಇಲ್ಲ’ವನ್ನು ಹೊಡೆದು ‘ಒಂದು’ ಎಂದು ಬರೆದೆ. ಪಾಲಮ್ಮ, ಎಪ್ಪತ್ತೊಂದು ವರ್ಷ, ಕರೇಕಲ್ಲಹಟ್ಟಿ. ಮೈಶಾಖ: ಅಳೆದವರಿಲ್ಲ. ಧನಂಜಯ ಕಾಗದಕ್ಕೆ ಕೈ ಹಾಕಿದ. ನಾನು ಅಂಗೈಯಿಂದ ಒತ್ತಿ ಹಿಡಿದೆ. ಹದಿನಾರು ವರ್ಷದಲ್ಲಿ ಆ ಮನುಷ್ಯನ ಮುಖವನ್ನು ನಾನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

ಆಮೇಲೆ ಕೊನೆಯ ಸಾಲಿನ ಆ ಎರಡು ಪದಗಳನ್ನೂ ಹೊಡೆದುಹಾಕಿ, ಮೇಲೆ ಬಿಡಿಸಿ ಬರೆದು, ಸಹಿ ಹಾಕಿದೆ.

ಶಾಖ ಹೋಗುವ ಜಾಗ: ನನ್ನ ಅವ್ವ.